ಲಕ್ವ ಹೊಡೆದ ಕಾಲಿಗೆ ನೀರೇ ಊರುಗೋಲು!

ಬೆಳ್ಳಿತೆರೆಯಲ್ಲಿ ಲಕ್ವ ವಾಸಿಯಾಗುವುದು ಬಲು ಸುಲಭ! ಗುಡಿಯ ಗಂಟೆ ಢಣ್ ಅಂದಿತು, ಮಗನ ಮೇಲೆ ಖಳನ ಕತ್ತಿ ಬಂತು, ಗಾಲಿಕುರ್ಚಿಯ ತಾಯಿ ಎದ್ದು ಓಡಿಯೇಬಿಟ್ಟಳು. ಗಾಂಧಿ ಕ್ಲಾಸಿನಲ್ಲಿ ಶಿಳ್ಳೆಯೋ ಶಿಳ್ಳೆ! ಆದರೆ ಕೂಡ್ಲಿಗಿಯಲ್ಲೋ ಕೊಟ್ಟೂರಲ್ಲೋ ಪಡಸಾಲೆಯಲ್ಲಿ ಮಲಗಿದ ಅಪ್ಪನಿಗೆ ಅಂಥ ಡೈರೆಕ್ಟರ್ ಎಲ್ಲಿ ಸಿಗಬೇಕು?

ನಿಜಜೀವನದ ಹೀರೋ ಒಬ್ಬರ ಕಥೆ ಕೇಳಿ. ಅಮೆರಿಕದ ಫ್ರಾಂಕ್ಲಿನ್ ರೂಸ್‌ವೆಲ್ಟ್. 1921ರಲ್ಲಿ, 39ರ ವಯಸ್ಸಿನಲ್ಲಿ, ವೈದ್ಯರು ಪೋಲಿಯೋ ಎಂದ ಕಾಯಿಲೆ ಅವರ ಎರಡೂ ಕಾಲುಗಳ ಬಲ ಕಿತ್ತುಕೊಂಡಿತು. 1924ರಲ್ಲಿ ಜಾರ್ಜಿಯಾ ರಾಜ್ಯದ ವಾರ್ಮ್ ಸ್ಪ್ರಿಂಗ್ಸ್ ಎಂಬಲ್ಲಿ ಬೆಚ್ಚನೆಯ ಬುಗ್ಗೆಯ ನೀರಿಗಿಳಿದರು. ನೆಲದ ಮೇಲೆ ಮಾತು ಕೇಳದ ಕಾಲು ನೀರಲ್ಲಿ ಆಡಿತು! 1926ರಲ್ಲಿ ಆ ಜಾಗವನ್ನೇ ಕೊಂಡು ತಮ್ಮಂಥವರಿಗೆಲ್ಲ ಚಿಕಿತ್ಸೆಯ ತಾಣ ಮಾಡಿದರು. 2005ರ 'ವಾರ್ಮ್ ಸ್ಪ್ರಿಂಗ್ಸ್' ಚಿತ್ರದಲ್ಲಿ ಕೆನೆತ್ ಬ್ರಾನಾ ಇದೇ ಪಾತ್ರ ಮಾಡಿದ್ದಾರೆ. 1933ರಲ್ಲಿ ರೂಸ್‌ವೆಲ್ಟ್ ಅಧ್ಯಕ್ಷರಾದರು. ಆದರೆ ಆಸರೆಯಿಲ್ಲದೆ ನಡೆಯಲು ಕೊನೆವರೆಗೂ ಆಗಲಿಲ್ಲ.

ಹಾಗಾದರೆ ನೀರು ಮಾಡಿದ್ದೇನು? ಬಾವಿಯಿಂದ ನೀರು ಸೇದಿದವರಿಗೆ ಗೊತ್ತು. ಕೊಡ ನೀರೊಳಗಿದ್ದಾಗ ಹಗುರ, ಮೇಲೆ ಬಂದೊಡನೆ ಭಾರ. ದೇಹವೂ ಹಾಗೆಯೇ. ಎದೆಮಟ್ಟ ನೀರಲ್ಲಿ ಮೈಭಾರದ ಸುಮಾರು ಮೂರರಲ್ಲಿ ಎರಡು ಪಾಲು ನೀರೇ ಹೊರುತ್ತದೆ. 33ರಿಂದ 35 ಡಿಗ್ರಿ ಬೆಚ್ಚಗಿದ್ದರೆ ಬಿಗಿದ ಸ್ನಾಯು ಸಡಿಲವಾಗುತ್ತದೆ. ಬೀಳುವ ಭಯ ಕಮ್ಮಿ. ಒಂದೇ ಹೆಜ್ಜೆಯನ್ನು ನೂರು ಸಲ ಇಡಿಸಬಹುದು. ಹೀಗೆ ಮಾಡಿಸಿ ಮಾಡಿಸಿಯೇ ಮೆದುಳಿನ ಉಳಿದ ಭಾಗ ಕೆಟ್ಟ ಭಾಗದ ಕೆಲಸವನ್ನು ಕೊಂಚಕೊಂಚ ಕಲಿಯುವುದು. ನೀರು ಔಷಧಿಯಲ್ಲ, ಅಭ್ಯಾಸಕ್ಕೆ ಆಸರೆ ಅಷ್ಟೇ.

ಹಾಗಂತ ಹಗರಿಬೊಮ್ಮನಹಳ್ಳಿಯವರು ಮಾಲವಿ ಡ್ಯಾಂಗೆ, ಹಡಗಲಿಯವರು ತುಂಗಭದ್ರೆಗೆ ರೋಗಿಯನ್ನು ಇಳಿಸೀರಿ, ಜೋಕೆ! ಈ ಚಿಕಿತ್ಸೆಯಲ್ಲಿ ತರಬೇತಾದವರು ನೀರೊಳಗೇ ನಿಂತು ಹಿಡಿದಿರುತ್ತಾರೆ. ಹತೋಟಿಗೆ ಬಾರದ ಮೂರ್ಛೆರೋಗ, ತೆರೆದ ಗಾಯ ಇದ್ದರೆ ಇಳಿಸುವುದೇ ಇಲ್ಲ. ಮನೆಯಲ್ಲೂ ಅಷ್ಟೆ, ಸ್ಪರ್ಶ ತಿಳಿಯದ ಕಾಲಿಗೆ ಕುದಿನೀರು ಸುರಿದರೆ ಚರ್ಮ ಬೆಂದರೂ ಗೊತ್ತಾಗದು.

ಕೊಳ ಸಿಗದಿದ್ದರೆ ಕೈಚೆಲ್ಲಬೇಡಿ. ಫಿಜಿಯೋಥೆರಪಿಯವರು ನೆಲದ ಮೇಲೂ ಇದೇ ಅಭ್ಯಾಸ ಮಾಡಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೇ ಪ್ರತ್ಯೇಕ ವಿಭಾಗವಿದೆ.

ಎಲ್ಲಕ್ಕಿಂತ ಮೊದಲ ಮಾತು: ಬಾಯಿ ಸೊಟ್ಟಗಾಯಿತೇ, ಕೈ ಜೋತಿತೇ, ಮಾತು ತೊದಲಿತೇ? ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ದಾವಣಗೆರೆ ಬಸ್ಸಿಗೆ ಕಾಯುತ್ತ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಮೆದುಳಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನಿಗೆ ಇರುವ ಗಡುವು ನಾಲ್ಕೂವರೆ ಗಂಟೆ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಅಷ್ಟರೊಳಗೆ ಮುಟ್ಟಿದರೆ, ಮುಂದೆ ಗಾಲಿಕುರ್ಚಿಯೇ ಬೇಡವಾದೀತು!