ಹಾಳೆಗೆ ಮೂರು ಹೆಸರು

"ಅಜ್ಜ, ತೋಟದಲ್ಲಿ ಹಾಳೆ ಬಿದ್ದದ್ದು ಉಂಟಾ?"

ಒಂದು ಶನಿವಾರ ಬೆಳಿಗ್ಗೆ ನಮ್ಮ ಅಂಗಳಕ್ಕೆ ಬಂದ ಐದಾರು ಮಕ್ಕಳು ಕೇಳಿದ ಪ್ರಶ್ನೆ ಇದು. ಎಲ್ಲರೂ ಊರಿನ ಕನ್ನಡ ಯು.ಪಿ. ಶಾಲೆಯ ಆರು, ಏಳನೇ ತರಗತಿಯವರು. ಹಾಳೆ ತಟ್ಟೆ ಮಾಡುವವರಿಗೆ ಕೊಡಲೆಂದು ಕೊಟ್ಟಿಗೆಯಲ್ಲಿ ಒಟ್ಟಿ ಇಟ್ಟಿದ್ದರಿಂದ ಇಪ್ಪತ್ತು ಎಣಿಸಿ ಕೊಟ್ಟೆ. "ಎಂತಕ್ಕೆ ಮಕ್ಕಳೇ ಇಷ್ಟು?" ಎಂದು ಕೇಳಿದರೆ, "ಡ್ರಾಯಿಂಗ್ ಟೀಚರ್ ಹೇಳಿದ್ದಾರೆ, ಪ್ರಾಜೆಕ್ಟಿಗೆ" ಎಂದು ಹೇಳಿ ಓಡಿದರು. ಹಾಳೆಯಲ್ಲಿ ಎಂತ ಡ್ರಾಯಿಂಗ್? ನೋಡಿಯೇ ಬರುವ ಎಂದು ಎರಡು ವಾರ ಬಿಟ್ಟು ನಾನೇ ಶಾಲೆಯತ್ತ ಹೋದೆ.

ಹಿತ್ತಿಲೇ ಬಣ್ಣದಂಗಡಿ

ಏಳನೇ ತರಗತಿಯ ಕೋಣೆಯ ಬೆಂಚುಗಳನ್ನು ಗೋಡೆಗೆ ಸೇರಿಸಿ ಮಕ್ಕಳು ತಮ್ಮ ಕೆಲಸಗಳನ್ನು ಸಾಲಾಗಿ ಇಟ್ಟಿದ್ದರು. ನಾನು ಕೊಟ್ಟ ಹಾಳೆಗಳು ಗುರುತು ಸಿಗದ ಹಾಗೆ ಆಗಿದ್ದವು. ಒಂದು ಮುಟ್ಟಾಳೆ, ಒಂದು ಬೀಸಣಿಗೆ, ಯಕ್ಷಗಾನದ ಒಂದು ಪುಟ್ಟ ಕಿರೀಟ. ಒಣಗಿದ ಹಾಳೆಯನ್ನು ಹಾಗೆಯೇ ಮಡಚಿದರೆ ಸೀಳುತ್ತದೆ, ಅದಕ್ಕೆ ಮೊದಲು ನೀರಿನಲ್ಲಿ ನೆನೆಹಾಕಬೇಕು ಎಂದು ಒಬ್ಬ ಹುಡುಗ ನನಗೇ ಪಾಠ ಹೇಳಿದ. ಐವತ್ತು ವರ್ಷದಿಂದ ಅಡಿಕೆ ತೋಟದಲ್ಲಿರುವವನಿಗೆ! ಆದರೂ ಸಂತೋಷವಾಯಿತು. ಬಣ್ಣ ಹಿಡಿಯುವುದು ಹಾಳೆಯ ನಯವಾದ ಒಳಮೈಯಲ್ಲಿ, ಗೀರುಗೀರಾದ ಹೊರಮೈಯಲ್ಲಿ ಅಲ್ಲ ಎಂಬುದು ಮಾತ್ರ ನನಗೆ ನಿಜವಾಗಿಯೂ ಹೊಸತು.

ಬಣ್ಣಕ್ಕೂ ಅವರು ಪೇಟೆಗೆ ಹೋಗಲಿಲ್ಲ. ಹಳದಿಗೆ ಅರಸಿನ, ಕಪ್ಪಿಗೆ ಮಸಿ, ಇಟ್ಟಿಗೆ ಬಣ್ಣಕ್ಕೆ ಮುರಕಲ್ಲಿನ ಹುಡಿ, ನೇರಳೆಗೆ ಬಸಳೆಯ ಹಣ್ಣು, ಕೆಂಪಿಗೆ ಸಾಗುವಾನಿಯ ಚಿಗುರೆಲೆ ಉಜ್ಜಿದ ರಸ. ಒಂದು ಮೂಲೆಯಲ್ಲಿ ಆವೆಮಣ್ಣಿನ ಗುಡ್ಡ, ಅದರೊಳಗೆ ಬೆರಳು ತೂರುವಷ್ಟು ಸುರಂಗ, ಸುರಂಗದ ಬಾಯಲ್ಲಿ ನೀರಿನ ಹೊಂಡ. ನಮ್ಮ ಗುಡ್ಡಗಳಲ್ಲಿ ಅಡ್ಡ ಕೊರೆದು ನೀರು ತರುವ ವಿದ್ಯೆ ಈ ಜಿಲ್ಲೆಗೂ ಆಚೆಯ ದಕ್ಷಿಣ ಕನ್ನಡಕ್ಕೂ ಗೊತ್ತಿದ್ದದ್ದೇ. ಅದನ್ನು ಮಾಡಿದ ಹುಡುಗಿಯ ಅಜ್ಜ ಸುರಂಗ ತೋಡುವ ಕೆಲಸದವರಂತೆ. "ಅಜ್ಜ ಹೇಳಿದ ಹಾಗೆ ಮಾಡಿದ್ದು. ಸ್ವಲ್ಪ ಇಳಿಜಾರು ಇಡದಿದ್ದರೆ ನೀರು ಹೊರಗೆ ಬರುವುದಿಲ್ಲ" ಎಂದಳು.

ಹೆಸರಿನ ಚೀಟಿ

ಪ್ರತಿಯೊಂದು ವಸ್ತುವಿನ ಎದುರು ಒಂದು ಚೀಟಿ. ಅದರಲ್ಲಿ ಕನ್ನಡ, ತುಳು, ಮಲಯಾಳದ ಹೆಸರು. ನಮ್ಮ ಹಾಳೆ ತುಳುವಿನಲ್ಲಿ ಪಾಳೆ, ಮಲಯಾಳದಲ್ಲಿ ಪಾಳ. ಮುಟ್ಟಾಳೆಗೆ ಅವರು ಪಾಳತೊಪ್ಪಿ ಎನ್ನುತ್ತಾರೆ. ನಮ್ಮ ಗೆರಟೆ ಅವರಲ್ಲಿ ಚಿರಟ್ಟ. ಸಂತೆಯಲ್ಲಿ ದಿನಾ ಈ ಮಾತುಗಳನ್ನಾಡುವ ನಮಗೆ ಇವು ಇಷ್ಟು ಹತ್ತಿರದವು ಎಂದು ಹೊಳೆದದ್ದೇ ಇಲ್ಲ.

ಈ ಚೀಟಿಯ ಹಿಂದೆ ಒಂದು ಕತೆ ಉಂಟು. ಟೀಚರ್ ತೆಂಕಣ ಜಿಲ್ಲೆಯವರು. ಬಂದಾಗ ಕನ್ನಡದ ಒಂದಕ್ಷರ ಗೊತ್ತಿರಲಿಲ್ಲ. ಮೊದಲ ತಿಂಗಳು ಅವರು ಹೇಳಿದ್ದು ಮಕ್ಕಳಿಗೆ ಆಗದು, ಮಕ್ಕಳು ಹೇಳಿದ್ದು ಅವರಿಗೆ ಆಗದು. ಕೊನೆಗೆ ಅವರೇ ಒಂದು ಉಪಾಯ ಹುಡುಕಿದರು. ಮನೆಯಿಂದ ಒಂದೊಂದು ವಸ್ತು ತನ್ನಿ, ಅದರ ಹೆಸರನ್ನು ನನಗೆ ಕಲಿಸಿ, ಅದರಿಂದ ಏನು ಮಾಡಬಹುದೆಂದು ನಾನು ಕಲಿಸುತ್ತೇನೆ ಎಂದರು. ಈಗ ಅವರ ಪುಸ್ತಕದಲ್ಲಿ ಮಲಯಾಳ ಲಿಪಿಯಲ್ಲಿ ಬರೆದಿಟ್ಟ ಕನ್ನಡ ಶಬ್ದಗಳು ನೂರಕ್ಕೂ ಮಿಕ್ಕಿವೆ.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಕನ್ನಡ ಬಾರದವರನ್ನು ಕನ್ನಡ ಮಾಧ್ಯಮದ ತರಗತಿಗೆ ಹಾಕುವುದು ಸರಿಯಲ್ಲ. ಗಣಿತವಾಗಲಿ ಸಮಾಜಪಾಠವಾಗಲಿ ಮಗುವಿಗೆ ಅರ್ಥವಾಗುವ ಭಾಷೆಯಲ್ಲೇ ಆಗಬೇಕು. ಅದಕ್ಕಾಗಿ ನಡೆದ ಧರಣಿಯಲ್ಲಿ ನಾನೂ ಕುಳಿತವನು, ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಕೈಕೆಲಸದ ಈ ಒಂದು ಪೀರಿಯಡಿನಲ್ಲಿ ಕಲಿಸುವವರೂ ಕಲಿಯಲು ಹೊರಟಿದ್ದರು ಎಂಬುದನ್ನು ಕಣ್ಣಾರೆ ಕಂಡ ಮೇಲೆ ಬರೆಯದಿರುವುದು ಹೇಗೆ?

ಮೂರು ಗಂಟೆಯ ಪರೀಕ್ಷೆ

ಚಿತ್ರ, ಕೈಕೆಲಸ ಎಂದರೆ ಆಟ ಎಂದು ತಿಳಿದ ಹೆತ್ತವರು ನಮ್ಮಲ್ಲಿ ಬಹಳ. ಕೇರಳದ ಶಾಲಾ ವೃತ್ತಿಪರಿಚಯ ಮೇಳವನ್ನು ಒಮ್ಮೆ ನೋಡಬೇಕು. ಮನೆಯಲ್ಲಿ ಯಾರೋ ಮಾಡಿಕೊಟ್ಟದ್ದನ್ನು ತಂದು ಇಡುವ ಹಾಗಿಲ್ಲ. ಸ್ಥಳದಲ್ಲೇ ಕುಳಿತು, ಮೂರು ಗಂಟೆಯೊಳಗೆ ಮಾಡಿ ಮುಗಿಸಬೇಕು. ಆವೆಮಣ್ಣಿನ ಮೂರ್ತಿ, ಬಿದಿರಿನ ಸಾಮಾನು, ತೆಂಗಿನ ನಾರಿನ ಕಾಲೊರಸು, ಗೆರಟೆಯ ಕೆತ್ತನೆ, ಕೊಡೆ, ಊದುಬತ್ತಿ, ಪುಸ್ತಕದ ಬೈಂಡಿಂಗ್ ಹೀಗೆ ಹತ್ತಾರು ವಿಭಾಗ. ಮಂಜೇಶ್ವರದಿಂದ ಚೆರುವತ್ತೂರು, ಚಿಟ್ಟಾರಿಕ್ಕಲ್ ತನಕ ಜಿಲ್ಲೆಯ 7 ಉಪಜಿಲ್ಲೆಗಳಲ್ಲಿ ಗೆದ್ದವರು ಜಿಲ್ಲಾ ಮೇಳಕ್ಕೆ, ಅಲ್ಲಿಂದ ರಾಜ್ಯ ಮಟ್ಟಕ್ಕೆ. ಇದು ಕಲೋತ್ಸವದಿಂದ ಬೇರೆಯೇ. 2019ರಲ್ಲಿ ಕಾಞಂಗಾಡಿನಲ್ಲಿ 60ನೇ ರಾಜ್ಯ ಕಲೋತ್ಸವ ನಡೆದಾಗ ಊರಿಗೂರೇ ಹೋಗಿತ್ತು. ಮೇಳಕ್ಕೆ ಹೋಗುವವರು ಮಕ್ಕಳೂ ಅಧ್ಯಾಪಕರೂ ಮಾತ್ರ.

ಪಾರ್ತಿಸುಬ್ಬನ ಕುಂಬಳೆ ನಮ್ಮದು, ಪಿಲಿಕುಂಜೆಯ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘ ನಮ್ಮದು ಎಂದು ವೇದಿಕೆಯಲ್ಲಿ ಹೆಮ್ಮೆಪಡುತ್ತೇವೆ. ಕಿರೀಟ ಕಟ್ಟುವ, ಬೊಂಬೆ ಕೆತ್ತುವ ಕೈ ಎಲ್ಲಿಂದ ಬರಬೇಕು? ಅದು ಹನ್ನೊಂದು ಹನ್ನೆರಡರ ಪ್ರಾಯದಲ್ಲಿ ಪಳಗಬೇಕಾದ ಕೈ.

ನೂರರ ಲೆಕ್ಕ

ಹೊರಡುವಾಗ ಹೆಡ್‌ಮಾಸ್ಟ್ರು ಬಾಗಿಲ ತನಕ ಬಂದರು. "ಬರುವ ವರ್ಷ ಟೀಚರ್ ಇರ್ತಾರೋ ಇಲ್ಲವೋ ಮಾರಾಯ್ರೆ" ಎಂದರು. ಕಾರಣ ಕೇಳಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರರಿಂದ ಎಂಟರ ವರೆಗಿನ ತರಗತಿಗಳಿಗೆ ಚಿತ್ರಕಲೆ, ದೈಹಿಕ ಶಿಕ್ಷಣ, ಕೆಲಸದ ಶಿಕ್ಷಣಕ್ಕೆ ಅರೆಕಾಲಿಕ ಅಧ್ಯಾಪಕರು ಇರಬೇಕಾದದ್ದು ಮಕ್ಕಳ ಸಂಖ್ಯೆ 100 ದಾಟಿದಲ್ಲಿ ಮಾತ್ರ. ಹತ್ತನೇ ತರಗತಿಯ ತನಕ ಕಲೆ ಕಡ್ಡಾಯ ವಿಷಯವಾಗಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತ್ತು. ಆದರೆ ಹುದ್ದೆ ನಿಲ್ಲುವುದು ಹಾಜರಿ ಪುಸ್ತಕದ ಲೆಕ್ಕದ ಮೇಲೆ. ನಮ್ಮ ಶಾಲೆಯ ಲೆಕ್ಕ ಈಗ ಆ ಅಂಚಿನಲ್ಲೇ ಉಂಟು.

"ಸಂಬಂಧಪಟ್ಟವರು ಇತ್ತ ಗಮನ ಹರಿಸಲಿ" ಎಂದು ಬರೆದು ಈ ಲೇಖನ ಮುಗಿಸುವುದು ಸಸಾರ. ಗಡಿನಾಡಿನ ಸಣ್ಣ ಕನ್ನಡ ಶಾಲೆಗಳಿಗೆ ನೂರರ ಲೆಕ್ಕದಲ್ಲಿ ರಿಯಾಯಿತಿ ಬೇಕು ಎಂಬ ಬೇಡಿಕೆ ನ್ಯಾಯವಾದದ್ದೇ. ಆದರೆ ಸಂಬಂಧಪಟ್ಟವರಲ್ಲಿ ನಾನೂ ಒಬ್ಬ. ನನ್ನ ಇಬ್ಬರು ಮೊಮ್ಮಕ್ಕಳು ದಿನಾ ಬೆಳಿಗ್ಗೆ ಹಳದಿ ವ್ಯಾನಿನಲ್ಲಿ ಇದೇ ಶಾಲೆಯ ಗೇಟು ದಾಟಿ ಪೇಟೆಯ ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ಕಳುಹಿಸುವಾಗ ಮಗ ನನ್ನಲ್ಲಿ ಕೇಳಿದ್ದ, ನಾನು ಬೇಡ ಎನ್ನಲಿಲ್ಲ. ಶಾಲೆಯ ಲೆಕ್ಕದಲ್ಲಿ ಆ ಎರಡು ಕಡಿಮೆಯಾದದ್ದು ನನ್ನ ಮನೆಯಿಂದ.

ಆ ದಿನ ಸಂಜೆ ಚಿಕ್ಕ ಮೊಮ್ಮಗನಿಗೆ ಹಾಳೆ ತೋರಿಸಿ ಇದು ಎಂತದು ಎಂದು ಕೇಳಿದೆ. "ಪ್ಲೇಟ್ ಮಾಡುವುದಲ್ವಾ ಅಜ್ಜ?" ಎಂದ. ಮೂರು ಹೆಸರುಗಳಲ್ಲಿ ಒಂದೂ ಅವನಿಗೆ ಬರಲಿಲ್ಲ. ಮರುದಿನ ಭಾನುವಾರ. ಒಂದು ಹಾಳೆಯನ್ನು ನೀರಿಗೆ ಹಾಕಿ ಇಟ್ಟಿದ್ದೇನೆ. ಜೂನಿನಲ್ಲಿ ಶಾಲೆ ಸೇರಿಸುವ ಸಮಯ ಬಂದಾಗ ಮಗನ ಹತ್ತಿರ ಮಾತಾಡುವುದೂ ಉಂಟು.