ಹದಿನೆಂಟು ತುಂಬುವ ಮೊದಲೇ ಹೇಳಿ

ಅಪ್ಪ–ಅಮ್ಮನ ಆಸರೆ ತಪ್ಪಿದ ಮಗುವನ್ನು ಸರ್ಕಾರ ಬೇರೊಂದು ಮನೆಯಲ್ಲಿ ಬೆಳೆಯಲು ಬಿಡುತ್ತದೆ. ದತ್ತು ಅಲ್ಲ, ಸಾಕುವ ಹೊಣೆ ಮಾತ್ರ. ಇಲಾಖೆಯವರ ಬಾಯಲ್ಲಿ ಇದು ‘ಫಾಸ್ಟರ್ ಕೇರ್’. ಆ ಮಗುವಿಗೆ ಯಾವ ಹಕ್ಕುಗಳಿವೆ ಎಂದು ಸಿಬ್ಬಂದಿಗೆ ತರಬೇತಿಯಲ್ಲಿ ಹೇಳುತ್ತಾರೆ, ಸಾಕುವವರಿಗೂ ಒಂದಿಷ್ಟು ತಿಳಿಸುತ್ತಾರೆ. ಮಗುವನ್ನು ಎದುರು ಕೂರಿಸಿಕೊಂಡು ‘ನೋಡು ಪುಟ್ಟಾ, ಇದು ನಿನ್ನ ಹಕ್ಕು’ ಎನ್ನುವವರು ಅಪರೂಪ. ನನ್ನ ತಕರಾರು ಇರುವುದೇ ಇಲ್ಲಿ.

2015ರ ಬಾಲ ನ್ಯಾಯ ಕಾಯ್ದೆಯ 44ನೇ ಸೆಕ್ಷನ್ ಸಾಕಷ್ಟು ವಿವರವಾಗಿಯೇ ಇದೆ. ಒಡಹುಟ್ಟಿದವರನ್ನು ಅಗಲಿಸದೆ ಒಂದೇ ಮನೆಯಲ್ಲಿಡಲು ಎಲ್ಲ ಪ್ರಯತ್ನ ಮಾಡಬೇಕು. ಮಗುವಿನ ಹಿತಕ್ಕೆ ಧಕ್ಕೆಯಿಲ್ಲದಿದ್ದರೆ ಹೆತ್ತವರು ಆಗಾಗ ಬಂದು ನೋಡಬಹುದು. ಅವರು ಮತ್ತೆ ಸಾಕುವ ಸ್ಥಿತಿಗೆ ಬಂದರೆ ಮಗು ಮನೆಗೆ ಮರಳಬಹುದು. ಅಕ್ಕ ಒಂದು ಊರಿನಲ್ಲಿ, ತಮ್ಮ ಇನ್ನೊಂದರಲ್ಲಿ ಬೆಳೆಯುತ್ತಿದ್ದರೆ ‘ನಮ್ಮನ್ನು ಯಾಕೆ ಬೇರೆ ಮಾಡಿದಿರಿ?’ ಎಂದು ಕೇಳುವ ಹಕ್ಕು ಆ ಮಕ್ಕಳಿಗಿದೆ. ಇದೆ ಎಂದು ಗೊತ್ತಿದ್ದರೆ ತಾನೇ ಕೇಳುವುದು?

ಮಕ್ಕಳ ಕಲ್ಯಾಣ ಸಮಿತಿ ಪ್ರತಿ ತಿಂಗಳೂ ಸಾಕು ಮನೆಯನ್ನು ತಪಾಸಣೆ ಮಾಡಬೇಕೆಂದೂ ಅದೇ ಸೆಕ್ಷನ್ ಹೇಳುತ್ತದೆ. ಲೋಪ ಕಂಡರೆ ಮಗುವನ್ನು ಬೇರೆ ಮನೆಗೆ ಕಳಿಸಬೇಕು. ಆದರೆ ನಡುಮನೆಯ ಕುರ್ಚಿಯಲ್ಲಿ ಕೂತು, ಕೊಟ್ಟ ಟೀ ಕುಡಿದು, ಸಾಕು ತಾಯಿಯ ಎದುರಿಗೇ ‘ಚೆನ್ನಾಗಿದ್ದೀಯೇನಮ್ಮಾ?’ ಎಂದು ಕೇಳಿ ಎದ್ದು ಬರುವುದನ್ನು ತಪಾಸಣೆ ಎನ್ನಲಾಗದು. ಹದಿಮೂರರ ಹುಡುಗಿ ಅದಕ್ಕೆ ‘ಹ್ಞೂಂ’ ಅನ್ನದೆ ಇನ್ನೇನು ಅಂದಾಳು? ಬೀದಿ ಕೊನೆಯ ಅಂಗಡಿಯವರೆಗೆ ಅವಳ ಜೊತೆ ನಡೆದು ಹೋಗಬೇಕು. ಎಲ್ಲಿ ಮಲಗ್ತೀಯಾ? ಊಟಕ್ಕೆ ಎಲ್ಲರ ಜೊತೆ ಕೂರ್ತೀಯಾ? ಪಾತ್ರೆ ತೊಳೆದು ಮುಗಿಸಿ ಸ್ಕೂಲಿಗೆ ಹೊರಡೋದು ಎಷ್ಟು ಹೊತ್ತಿಗೆ? ನಿಜ ಹೊರಬರುವುದು ಇಂಥ ಪ್ರಶ್ನೆಗಳಿಗೆ.

ಅಮೆರಿಕದ ಸಿಯಾಟಲ್‌ನಲ್ಲಿ 1977ರಲ್ಲಿ ಡೇವಿಡ್ ಸೂಕಪ್ ಎಂಬ ನ್ಯಾಯಾಧೀಶರಿಗೆ ಇದೇ ಕೊರಗು ಕಾಡಿತ್ತು. ಮಗುವಿನ ಬದುಕನ್ನು ತೀರ್ಮಾನಿಸುವ ತಮಗೆ ಆ ಮಗುವಿನ ಬಗ್ಗೆ ಸರಿಯಾಗಿ ಗೊತ್ತೇ ಇಲ್ಲ ಎಂದು ಅವರಿಗೆ ಅನಿಸಿತು. ಸಾಮಾನ್ಯ ನಾಗರಿಕರಿಗೆ ತರಬೇತಿ ಕೊಟ್ಟು, ನ್ಯಾಯಾಲಯದಲ್ಲಿ ಮಗುವಿನ ಪರ ಮಾತಾಡಲು ನೇಮಿಸುವ ಪದ್ಧತಿಯನ್ನು ಅವರು ಶುರು ಮಾಡಿದರು. ಮುಂದೆ ಅದು ಅಮೆರಿಕದ ಉದ್ದಗಲಕ್ಕೂ ಹಬ್ಬಿತು. ಮಗುವಿನ ಮಾತು ಕೇಳಬೇಕು ಎಂಬುದು ನಮ್ಮ ಕಾಯ್ದೆಯ ಮೂಲತತ್ವಗಳಲ್ಲೂ ಇದೆ. ಮಗುವಿನ ಪರವಾಗಿ ನಿಲ್ಲಲೆಂದೇ ಒಬ್ಬರು ಪ್ರತಿ ಪ್ರಕರಣದಲ್ಲೂ ಇರಲೇಬೇಕೆಂಬ ಕಡ್ಡಾಯ ಮಾತ್ರ ಇಲ್ಲ. ನಿವೃತ್ತ ಮೇಷ್ಟ್ರುಗಳು, ಕಾನೂನು ವಿದ್ಯಾರ್ಥಿಗಳು ನಮ್ಮ ಜಿಲ್ಲೆಗಳಲ್ಲಿ ಕಡಿಮೆ ಇದ್ದಾರೆಯೇ? ಅವರನ್ನು ಕರೆದು ಈ ಕೆಲಸ ಒಪ್ಪಿಸಬಹುದು.

ಹದಿನೆಂಟು ತುಂಬಿದ ದಿನದಿಂದ ಇನ್ನೊಂದು ಕಷ್ಟ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಡಿ ಸಾಕು ಮನೆಗೆ ಮಗುವಿನ ಹೆಸರಿನಲ್ಲಿ ತಿಂಗಳಿಗೆ 4,000 ರೂಪಾಯಿ ಸಿಗುತ್ತಿರುತ್ತದೆ; ಅಂದಿಗೆ ಅದು ನಿಲ್ಲುತ್ತದೆ. ಬಾಲಮಂದಿರದಂಥ ಸಂಸ್ಥೆಗಳಿಂದ ಹೊರಬರುವ ಯುವಜನರಿಗೆ ‘ಆಫ್ಟರ್ ಕೇರ್’ ಹೆಸರಿನಲ್ಲಿ 21ರವರೆಗೆ, ವಿಶೇಷ ಸಂದರ್ಭಗಳಲ್ಲಿ 23ರವರೆಗೆ ನೆರವಿಗೆ ಅವಕಾಶವಿದೆ. ಆದರೆ ಕಾಯ್ದೆಯ 46ನೇ ಸೆಕ್ಷನ್ ಮಾತಾಡುವುದು ಸಂಸ್ಥೆ ಬಿಟ್ಟು ಬರುವವರ ಬಗ್ಗೆ. ಸಾಕು ಮನೆಯಲ್ಲಿ ಬೆಳೆದವರ ಹೆಸರನ್ನೇ ಅದು ಎತ್ತುವುದಿಲ್ಲ. ಮಕ್ಕಳನ್ನು ಸಂಸ್ಥೆಗೆ ಹಾಕುವುದು ಕೊನೆಯ ದಾರಿಯಾಗಬೇಕು ಎಂದು ಹೇಳುವ ಕಾಯ್ದೆಯೇ, ಮನೆಯಲ್ಲಿ ಬೆಳೆದ ಮಗುವನ್ನು ಹದಿನೆಂಟಕ್ಕೆ ಮರೆಯುವುದು ಅನ್ಯಾಯ. ಈ ಸೆಕ್ಷನ್ನಿಗೆ ತಿದ್ದುಪಡಿ ಆಗಲೇಬೇಕು.

ಹಣಕ್ಕಿಂತ ಹೆಚ್ಚಾಗಿ ಕಾಡುವುದು ಕಾಗದ ಪತ್ರ. ಕಾಲೇಜಿನ ಅರ್ಜಿ ಬಿಡಿಸಿದರೆ ತಂದೆಯ ಹೆಸರು, ಕಾಯಂ ವಿಳಾಸ, ರೇಷನ್ ಕಾರ್ಡ್ ಸಂಖ್ಯೆ, ಜಾತಿ–ಆದಾಯ ಪ್ರಮಾಣಪತ್ರ. ವಿಳಾಸದ ಕಾಲಮ್ಮಿನಲ್ಲಿ ಯಾರ ಮನೆಯದನ್ನು ಬರೆಯಬೇಕು ಎಂದು ತೋಚದೆ ಪೆನ್ನು ಹಿಡಿದು ಕೂತ ಹುಡುಗನಿಗೆ ನಾಡಕಚೇರಿಯ ಕಿಟಕಿಯಾಚೆಯಿಂದ ಸಿಗುವ ಉತ್ತರ ‘ಮನೇಲಿ ದೊಡ್ಡೋರನ್ನ ಕರ್ಕೊಂಡು ಬಾ’ ಎಂದಾದರೆ ಅವನು ಎಲ್ಲಿಗೆ ಹೋಗಬೇಕು? ಗುರುತಿನ ದಾಖಲೆ ಪಡೆಯಲು ಮಗುವಿಗೆ ನೆರವಾಗುವುದು ಸಂಸ್ಥೆಗಳ ಕರ್ತವ್ಯ ಎಂದು 53ನೇ ಸೆಕ್ಷನ್ನಿನಲ್ಲಿದೆ. ಸಾಕು ಮನೆಯ ಮಗುವಿಗೆ ಈ ಓಡಾಟವನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕವೇ ಮಾಡಿಕೊಡಬೇಕು, ಅದೂ ಹದಿನಾರು–ಹದಿನೇಳರಲ್ಲೇ. ಮನಸ್ಸಿದ್ದರೆ ಸರ್ಕಾರ ಇನ್ನೂ ಮುಂದೆ ಹೋಗಬಲ್ಲದು: ನೆರೆಯ ಮಹಾರಾಷ್ಟ್ರ 2018ರಲ್ಲೇ ಅನಾಥ ಮಕ್ಕಳಿಗೆ ಶಿಕ್ಷಣ ಮತ್ತು ಸರ್ಕಾರಿ ನೌಕರಿಯಲ್ಲಿ ಶೇ 1ರ ಮೀಸಲಾತಿ ಕೊಟ್ಟಿತು.

ಇಂಥ ಮಕ್ಕಳನ್ನು ಬಲ್ಲವರು ಅವರಿಗೆ ಈಗಲೇ ತಿಳಿಸಬಹುದಾದ ಸಂಗತಿಗಳಿವೆ. ಮನೆಯಲ್ಲಿ ತೊಂದರೆಯಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಕಾನೂನು ಸೇವೆಗಳ ಕಾಯ್ದೆಯಂತೆ ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರ ನೆರವು ಸಿಗಬೇಕು. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೇಳಬಹುದು, 15100ಕ್ಕೂ ಕರೆ ಮಾಡಬಹುದು. ಫಾಸ್ಟರ್ ಕೇರ್ ಕುರಿತ ಸಮಿತಿಯ ತೀರ್ಮಾನ ಸರಿಯಿಲ್ಲ ಅನಿಸಿದರೆ 30 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಸಲ್ಲಿಸಬೇಕು. ಹಾಗಾಗಿ ಆದೇಶದ ಪ್ರತಿಯನ್ನು, ಮೇಲೆ ತಾರೀಕು ಹಾಕಿಸಿಕೊಂಡು, ಅದೇ ದಿನ ಕೇಳಿ ಪಡೆಯಿರಿ.