ಕಾಲಿಗೆ ಕಟ್ಟುವ ಯಂತ್ರ: ಯಾರನ್ನು ನಡೆಸುತ್ತದೆ, ಎಷ್ಟು ನಡೆಸುತ್ತದೆ?

ಅಂಕೋಲಾ ತಾಲೂಕಿನ ಹಟ್ಟಿಕೇರಿಯಿಂದ ತಂದೆಯೊಬ್ಬರು ಈ ಅಂಕಣಕ್ಕೆ ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಅವರ ಇಪ್ಪತ್ತೇಳು ವರ್ಷದ ಮಗ ಎರಡು ಮಳೆಗಾಲದ ಹಿಂದೆ ತೆಂಗಿನ ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡ. ಶಸ್ತ್ರಚಿಕಿತ್ಸೆ ಆಯಿತು, ಜೀವ ಉಳಿಯಿತು. ಆದರೆ ಹೊಕ್ಕುಳಿನಿಂದ ಕೆಳಗೆ ಮುಟ್ಟಿದರೆ ತಿಳಿಯುವುದಿಲ್ಲ, ಕಾಲು ಅಲ್ಲಾಡಿಸಲು ಬರುವುದಿಲ್ಲ. ಈಚೆಗೆ ಸಂಬಂಧಿಕರೊಬ್ಬರು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದರಂತೆ. ಅದರಲ್ಲಿ ಇವನಂಥದೇ ಒಬ್ಬ ಯುವಕ ಕಾಲಿಗೆ ಯಂತ್ರ ಕಟ್ಟಿಕೊಂಡು ಕುರ್ಚಿಯಿಂದ ಎದ್ದು ನಡೆಯುತ್ತಾನೆ. ‘ರಸ್ತೆ ಬದಿಗೆ ನಾಲ್ಕು ಗುಂಟೆ ಹಿತ್ತಿಲು ಇದೆ. ಅದನ್ನು ಮಾರಿ ಇದನ್ನು ತರಿಸಿದರೆ ಹುಡುಗ ನಡೆದಾನೆಯೇ?’ ಎಂಬುದು ಅವರ ಪ್ರಶ್ನೆ.

ಉತ್ತರವನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಇಂಥ ವಿಡಿಯೋಗಳನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಇಂಥ ಪ್ರಶ್ನೆ ಎಷ್ಟೋ ಮನೆಗಳಲ್ಲಿ ಎದ್ದಿರುತ್ತದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ನೋಡೋಣ.

ಕರಾವಳಿಯ ಓದುಗರಿಗೆ ಏಡಿಯ ಪರಿಚಯ ಹೇಳಬೇಕಾಗಿಲ್ಲ. ನಮ್ಮ ಎಲುಬು ಮಾಂಸದ ಒಳಗಿದ್ದರೆ ಅದರ ‘ಎಲುಬು’ ಹೊರಗೆ, ಚಿಪ್ಪಿನ ರೂಪದಲ್ಲಿದೆ. ಇದೇ ಕಲ್ಪನೆಯಿಂದ ಈ ಯಂತ್ರಕ್ಕೆ ಎಕ್ಸೋಸ್ಕೆಲಿಟನ್, ಅಂದರೆ ಹೊರ ಅಸ್ಥಿಪಂಜರ ಎಂಬ ಹೆಸರು ಬಂದಿದೆ. ಪೋಲಿಯೋ ಆದವರು ಹಾಕಿಕೊಳ್ಳುವ ಕ್ಯಾಲಿಪರ್ ನಿಮಗೆ ಗೊತ್ತು. ಅದಕ್ಕೆ ಸೊಂಟದ ಮತ್ತು ಮೊಣಕಾಲಿನ ಕೀಲುಗಳ ಬಳಿ ಒಂದೊಂದು ವಿದ್ಯುತ್ ಮೋಟಾರು, ಸೊಂಟಕ್ಕೋ ಬೆನ್ನಿಗೋ ಒಂದು ಬ್ಯಾಟರಿ, ಮೈ ಎಷ್ಟು ಬಾಗಿದೆ ಎಂದು ಅಳೆಯುವ ಸಂವೇದಕಗಳು, ಇವನ್ನೆಲ್ಲ ನಿಯಂತ್ರಿಸುವ ಸಣ್ಣ ಕಂಪ್ಯೂಟರು ಜೋಡಿಸಿದರೆ ಹೆಚ್ಚುಕಡಿಮೆ ಈ ಯಂತ್ರವಾಯಿತು. ಧರಿಸಿದವನು ಎದೆಯನ್ನು ತುಸು ಮುಂದಕ್ಕೆ ಬಾಗಿಸಿದಾಗ ಸಂವೇದಕ ಅದನ್ನು ಗುರುತಿಸುತ್ತದೆ. ಮೋಟಾರು ಒಂದು ಕಾಲನ್ನು ಎತ್ತಿ ಮುಂದಿಡುತ್ತದೆ. ಮತ್ತೆ ಬಾಗಿದರೆ ಇನ್ನೊಂದು ಕಾಲು. ಜಪಾನಿನ ‘ಹಾಲ್’ ಎಂಬ ಯಂತ್ರದ ರೀತಿ ಬೇರೆ. ಮಿದುಳಿನಿಂದ ಸ್ನಾಯುವಿಗೆ ಬರುವ ಸಂಕೇತ ಎಷ್ಟೇ ದುರ್ಬಲವಾಗಿರಲಿ, ಅದು ಚರ್ಮದ ಮೇಲೆ ಮೂಡಿಸುವ ಅತ್ಯಲ್ಪ ವಿದ್ಯುತ್ತನ್ನು ಹಿಡಿದು ಅದರಂತೆ ಮೋಟಾರನ್ನು ತಿರುಗಿಸುತ್ತದೆ. ಸ್ನಾಯುಗಳನ್ನು ಕ್ಷೀಣಿಸುವ ಕೆಲವು ಕಾಯಿಲೆಗಳಿಗೆ 2015ರಲ್ಲಿ ಜಪಾನ್ ಸರಕಾರ ಅದಕ್ಕೆ ಅನುಮತಿ ಕೊಟ್ಟಿತು.

ಇಲ್ಲಿ ಒಂದು ಮಾತು ಗಮನಿಸಿ. ಎರಡೂ ಕಾಲುಗಳ ಶಕ್ತಿ ಪೂರ್ತಿ ಹೋದವರು ಧರಿಸುವ ಹೆಚ್ಚಿನ ಯಂತ್ರಗಳು ಹೆಜ್ಜೆ ಹಾಕಿಸುತ್ತವೆಯೇ ಹೊರತು ಮೈಯ ತೂಕ ತಪ್ಪದಂತೆ ನೋಡಿಕೊಳ್ಳುವುದಿಲ್ಲ. ಆ ಕೆಲಸ ಧರಿಸಿದವನದೇ. ಎರಡೂ ಕೈಗಳಲ್ಲಿ ಊರುಗೋಲು ಬೇಕು, ಭುಜ ಮತ್ತು ರಟ್ಟೆ ಗಟ್ಟಿಯಾಗಿರಬೇಕು, ತರಬೇತಾದ ಒಬ್ಬರು ಪಕ್ಕದಲ್ಲಿರಬೇಕು. ವಿಡಿಯೋದಲ್ಲಿ ಆ ಪಕ್ಕದವರು ಚೌಕಟ್ಟಿನ ಹೊರಗಿರುತ್ತಾರೆ, ಅಷ್ಟೆ.

ಮನುಷ್ಯ ಈ ಆಸೆಗೆ ಬಿದ್ದು ಬಹಳ ಕಾಲವಾಯಿತು. 1960ರ ದಶಕದ ಕೊನೆಯಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ‘ಹಾರ್ಡಿಮನ್’ ಎಂಬ ಉಕ್ಕಿನ ಉಡುಪನ್ನು ಕಟ್ಟಿತು. ಅದರ ತೂಕ ಸುಮಾರು 680 ಕಿಲೋ. ಇಡೀ ಯಂತ್ರವನ್ನು ಒಮ್ಮೆಲೇ ಚಾಲೂ ಮಾಡಿದರೆ ಹಿಡಿತ ತಪ್ಪಿ ಒದ್ದಾಡುತ್ತಿತ್ತು. ಕೊನೆಗೆ ಒಂದು ತೋಳನ್ನಷ್ಟೇ ಸರಿಯಾಗಿ ನಡೆಸಲು ಸಾಧ್ಯವಾಯಿತು. ಅದು ಭಾರ ಎತ್ತುವುದಕ್ಕಾಗಿ ಮಾಡಿದ್ದು. ಕಾಲಿಲ್ಲದಂತಾದವರನ್ನು ನಡೆಸುವ ಪ್ರಯತ್ನವನ್ನು ಅದೇ ಸುಮಾರಿಗೆ ಯುಗೋಸ್ಲಾವಿಯದ ಬೆಲ್‌ಗ್ರೇಡಿನಲ್ಲಿ ಮಿಯೋಮಿರ್ ವುಕೋಬ್ರಾಟೋವಿಚ್ ಮತ್ತು ಸಂಗಡಿಗರು ಮಾಡಿದರು. ಬ್ಯಾಟರಿ ಹಗುರವಾಗಿ, ಕಂಪ್ಯೂಟರು ಅಂಗೈಯಷ್ಟಾದ ಮೇಲೆಯೇ ಈ ವಿದ್ಯೆ ಆಸ್ಪತ್ರೆಯ ಬಾಗಿಲಿಗೆ ಬಂದದ್ದು.

ಮನೆಯಲ್ಲಿ ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಮೊದಲು ಪಡೆದದ್ದು ಇಸ್ರೇಲಿನ ‘ರಿವಾಕ್’, 2014ರಲ್ಲಿ. ಅದನ್ನು ರೂಪಿಸಿದ ಎಂಜಿನಿಯರ್ ಅಮಿತ್ ಗೋಫರ್ ಸ್ವತಃ 1997ರ ಅಪಘಾತದಲ್ಲಿ ಕೈಕಾಲುಗಳ ಶಕ್ತಿ ಕಳೆದುಕೊಂಡವರು. ವಿಚಿತ್ರವೆಂದರೆ, ಕೈಗಳೂ ದುರ್ಬಲವಾದ್ದರಿಂದ ಊರುಗೋಲು ಹಿಡಿಯಲಾಗದೆ, ತಾವೇ ಮಾಡಿದ ಯಂತ್ರವನ್ನು ಅವರು ಬಳಸಲಾರದೆ ಹೋದರು. ಇದೇ ಯಂತ್ರ ತೊಟ್ಟು 2012ರಲ್ಲಿ ಕ್ಲೇರ್ ಲೋಮಾಸ್ ಎಂಬ ಇಂಗ್ಲೆಂಡಿನ ಮಹಿಳೆ ಲಂಡನ್ ಮ್ಯಾರಥಾನ್ ಪೂರೈಸಿದ್ದು ದೊಡ್ಡ ಸುದ್ದಿಯಾಯಿತು. ಓಟಗಾರರು ಕೆಲವೇ ತಾಸುಗಳಲ್ಲಿ ಮುಗಿಸುವ 42 ಕಿಲೋಮೀಟರಿಗೆ ಅವರು ತೆಗೆದುಕೊಂಡದ್ದು ಹದಿನಾರು ದಿನ. ಅವರ ಛಲಕ್ಕೆ ಕೈಮುಗಿಯಬೇಕು. ಆದರೆ ಯಂತ್ರದ ಅಳತೆಯೂ ಅದರಲ್ಲೇ ಇದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ಬೆನ್ನುಹುರಿ ಪೆಟ್ಟಾದವರು ಇಂಥ ಯಂತ್ರದಲ್ಲಿ ನಡೆದ ಸರಾಸರಿ ವೇಗ ಸೆಕೆಂಡಿಗೆ 26 ಸೆಂಟಿಮೀಟರ್. ಅಂದರೆ ತಾಸಿಗೆ ಒಂದು ಕಿಲೋಮೀಟರಿಗಿಂತ ಕಡಿಮೆ. ನೀವು ಪೇಟೆಗೆ ಹೋಗುವಾಗ ತಾಸಿಗೆ ನಾಲ್ಕೈದು ಕಿಲೋಮೀಟರ್ ನಡೆಯುತ್ತೀರಿ.

ಈಗ ಹಟ್ಟಿಕೇರಿಯ ಹುಡುಗನ ವಿಚಾರ. ಹೊಕ್ಕುಳಿನ ಮಟ್ಟದಿಂದ ಕೆಳಗೆ ಸ್ಪರ್ಶವಿಲ್ಲ ಎಂದರೆ ಪೆಟ್ಟು ಬೆನ್ನುಹುರಿಯ ಎದೆಭಾಗದ ಹತ್ತನೇ ಮಟ್ಟದ ಹತ್ತಿರ ಎಂದು ವೈದ್ಯರು ಊಹಿಸಬಲ್ಲರು. ರಿವಾಕ್‌ಗೆ ಮನೆಬಳಕೆಯ ಅನುಮತಿ ಇರುವುದು ಎದೆಭಾಗದ ಏಳನೇ ಮಟ್ಟದಿಂದ ಸೊಂಟದ ಐದನೇ ಮಟ್ಟದವರೆಗಿನ ಪೆಟ್ಟಿಗೆ. ಆ ಲೆಕ್ಕದಲ್ಲಿ ಇವನು ಹೊರಗುಳಿಯುವುದಿಲ್ಲ. ಕೈಗಳೂ ಗಟ್ಟಿಯಾಗಿವೆ; ಮರ ಹತ್ತುತ್ತಿದ್ದವನಲ್ಲವೇ. ಆದರೆ ಪತ್ರದ ಮೂರನೇ ಪುಟದಲ್ಲಿ, ಅಷ್ಟೇನೂ ಮುಖ್ಯವಲ್ಲವೆಂಬಂತೆ, ಬೆನ್ನಿನ ಕೆಳಗೆ ಮಾಯದ ಹುಣ್ಣೊಂದಿದೆ ಎಂದು ಬರೆದಿದ್ದಾರೆ. ಪಟ್ಟಿಗಳು ಮೈಗೆ ಒತ್ತುವ ಯಾವ ಯಂತ್ರವನ್ನೂ ಆ ಹುಣ್ಣು ಮಾಯುವವರೆಗೆ ಕಟ್ಟುವಂತಿಲ್ಲ. ಎರಡು ವರ್ಷ ಭಾರ ಹೊರದ ಕಾಲಿನ ಎಲುಬಿನಲ್ಲಿ ಸುಣ್ಣದ ಅಂಶ ಬಹಳಷ್ಟು ಕರಗಿರುತ್ತದೆ. ಸಾಂದ್ರತೆ ಪರೀಕ್ಷಿಸದೆ ನಿಲ್ಲಿಸಿ ನಡೆಸಿದರೆ ಎಲುಬು ಮುರಿಯಬಹುದು, ಮುರಿದದ್ದು ಅವನಿಗೆ ತಿಳಿಯದಿರಲೂಬಹುದು. ಮೊಣಕಾಲು, ಪಾದದ ಕೀಲು ಮಡಚಿ ಬಿಗಿದಿದ್ದರೆ ಯಂತ್ರದೊಳಗೆ ಕಾಲು ಕೂರುವುದೇ ಇಲ್ಲ.

ಇಷ್ಟಾದ ಮೇಲೆ ನೆಲದ ಪ್ರಶ್ನೆ. ಈ ಯಂತ್ರಗಳಿಗೆ ಬೇಕಾದದ್ದು ಸಪಾಟಾದ, ಗಟ್ಟಿಯಾದ, ಒಣ ನೆಲ. ಚಿರೇಕಲ್ಲಿನ ಮೆಟ್ಟಿಲು, ಎತ್ತರದ ಹೊಸ್ತಿಲು, ಗದ್ದೆಯ ಬದು, ಕಡಲಿನ ಮರಳು, ನಾಲ್ಕು ತಿಂಗಳ ಮಳೆ ಇವುಗಳಿಗೆ ಅವನ್ನು ಮಾಡಿಲ್ಲ. ಇನ್ನು ಬೆಲೆ. 2024ರಲ್ಲಿ ಅಮೆರಿಕ ಸರಕಾರದ ವೃದ್ಧರ ಮತ್ತು ಅಂಗವಿಕಲರ ವಿಮೆ ಇಂಥ ಒಂದು ಯಂತ್ರಕ್ಕೆ ಗೊತ್ತುಪಡಿಸಿದ ಮೊತ್ತ 91 ಸಾವಿರ ಡಾಲರಿಗೂ ಮೇಲೆ. ಆಗಿನ ದರದಲ್ಲಿ 75 ಲಕ್ಷ ರೂಪಾಯಿಗೂ ಹೆಚ್ಚು. ಕೊಂಡ ಮೇಲೂ ಚಿಂತೆ ತಪ್ಪದು. ಅದೇ ವರ್ಷ ಅಮೆರಿಕದ ಮಾಜಿ ಕುದುರೆ ಸವಾರರೊಬ್ಬರ ಯಂತ್ರ, ಅದನ್ನು ನಿಯಂತ್ರಿಸುವ ಕೈಗಡಿಯಾರದ ಬ್ಯಾಟರಿಯ ಸಣ್ಣ ದೋಷದಿಂದ ನಿಂತುಹೋಯಿತು. ಐದು ವರ್ಷಕ್ಕಿಂತ ಹಳೆಯದೆಂದು ತಯಾರಕರು ರಿಪೇರಿಗೆ ಒಪ್ಪಲಿಲ್ಲ. ಪತ್ರಿಕೆಗಳಲ್ಲಿ ಗಲಾಟೆಯಾದ ಮೇಲೆ ಸರಿಯಾಯಿತು. ಅಮೆರಿಕದಲ್ಲೇ ಹೀಗಾದರೆ, ಒಂದು ಸ್ಕ್ಯಾನಿಗೂ ಗೋವಾಕ್ಕೋ ಮಣಿಪಾಲಕ್ಕೋ ಹುಬ್ಬಳ್ಳಿಗೋ ವಾಹನ ಮಾಡಿಸಿಕೊಂಡು ಹೋಗಿ ಅಭ್ಯಾಸವಾಗಿರುವ ನಮ್ಮ ಜಿಲ್ಲೆಯವರು ಏನು ಮಾಡಬೇಕು?

ಆದ್ದರಿಂದ ಆ ತಂದೆಯವರಿಗೆ ನನ್ನ ಉತ್ತರ: ಹಿತ್ತಿಲು ಮಾರಬೇಡಿ.

ಹಾಗೆಂದು ಈ ವಿದ್ಯೆಯೇ ಸುಳ್ಳು ಎಂದು ಯಾರೂ ತಿಳಿಯಬಾರದು. ಲಕ್ವ ಹೊಡೆದವರ ವಿಷಯದಲ್ಲಿ ಚಿತ್ರ ಹೆಚ್ಚು ಆಶಾದಾಯಕ. ಅವರಲ್ಲಿ ಬೆನ್ನುಹುರಿ ಸರಿಯಾಗಿದ್ದು, ಮಿದುಳಿನ ಒಂದು ಭಾಗ ಮಾತ್ರ ಪೆಟ್ಟು ತಿಂದಿರುತ್ತದೆ. ಉಳಿದ ಭಾಗಗಳು ಮತ್ತೆ ಮತ್ತೆ ಮಾಡಿದ ಅಭ್ಯಾಸದಿಂದ ಹೊಸದಾಗಿ ಕಲಿಯಬಲ್ಲವು. ಮಾಮೂಲಿ ಫಿಸಿಯೋಥೆರಪಿಯ ಜೊತೆಗೆ ಆಸ್ಪತ್ರೆಯ ನಡಿಗೆಯಂತ್ರದಲ್ಲೂ ಅಭ್ಯಾಸ ಮಾಡಿದವರು ಸ್ವತಂತ್ರವಾಗಿ ನಡೆಯುವ ಸಂಭವ ಹೆಚ್ಚು ಎಂದು ಅನೇಕ ಪ್ರಯೋಗಗಳನ್ನು ಜೋಡಿಸಿ ನೋಡಿದ ಸಮೀಕ್ಷೆಗಳು ಹೇಳುತ್ತವೆ. ಅದರಲ್ಲೂ ಮೊದಲ ಮೂರು ತಿಂಗಳೊಳಗೆ ಇರುವವರಿಗೆ, ಇನ್ನೂ ನಡೆಯಲು ಬಾರದವರಿಗೆ ಲಾಭ ಜಾಸ್ತಿ. ಇಲ್ಲಿ ಯಂತ್ರವನ್ನು ಕೊಳ್ಳುವ ಮಾತಿಲ್ಲ. ಆಸ್ಪತ್ರೆಯದನ್ನು ಕೆಲವು ವಾರ ಬಳಸಿ ಮನೆಗೆ ಬರುವುದು. ಬೆನ್ನುಹುರಿಗೆ ಅರೆಪೆಟ್ಟಾಗಿ, ಕಾಲ್ಬೆರಳಾದರೂ ಅಲ್ಲಾಡುವವರೂ ಇಂಥ ತರಬೇತಿಯ ಬಗ್ಗೆ ವೈದ್ಯರನ್ನು ವಿಚಾರಿಸಬಹುದು.

ನಮ್ಮ ದೇಶದಲ್ಲೂ ಕೆಲಸ ನಡೆದಿದೆ. ಮ್ಯಾನ್‌ಹೋಲ್ ಶುಚಿಗೊಳಿಸುವ ಯಂತ್ರದಿಂದ ಹೆಸರಾದ ಕೇರಳದ ಜೆನ್‌ರೋಬೋಟಿಕ್ಸ್ ಕಂಪನಿ ‘ಜಿ ಗೇಟರ್’ ಎಂಬ ನಡಿಗೆ ತರಬೇತಿ ಯಂತ್ರವನ್ನು ಮಾಡಿದ್ದು, ತಿರುವನಂತಪುರದ ಸರಕಾರಿ ಜನರಲ್ ಆಸ್ಪತ್ರೆಯಲ್ಲಿ ಅದು 2024ರಲ್ಲಿ ಬಂತು. ಬೆಂಗಳೂರಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ‘ಡೆಬೆಲ್’ ಪ್ರಯೋಗಾಲಯವಿದೆ. ಸೈನಿಕರು ಭಾರ ಹೊರಲು ನೆರವಾಗುವ ಹೊರ ಅಸ್ಥಿಪಂಜರದ ಮೇಲೆ ಅಲ್ಲಿ ಕೆಲಸ ನಡೆದಿದ್ದು, 2024ರ ಏಪ್ರಿಲ್‌ನಲ್ಲಿ ಇದೇ ವಿಷಯದ ಅಂತರರಾಷ್ಟ್ರೀಯ ಕಾರ್ಯಾಗಾರವೂ ಬೆಂಗಳೂರಿನಲ್ಲಿ ನಡೆಯಿತು. ಯಂತ್ರ ಇಲ್ಲೇ ತಯಾರಾಗಿ, ರಿಪೇರಿ ಇಲ್ಲೇ ಆಗುವಂತಾದರೆ ಆಗ ಲೆಕ್ಕ ಬದಲಾದೀತು.

ಅಲ್ಲಿಯವರೆಗೆ ಏನು? ಆ ಹುಡುಗನ ಆಯುಷ್ಯವನ್ನು ನಿರ್ಧರಿಸುವುದು ಕಾಲಲ್ಲ. ಚರ್ಮ ಮತ್ತು ಮೂತ್ರಕೋಶ. ಹಾಸಿಗೆಯಲ್ಲಿ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ ಸಹ. ಗಾಲಿಕುರ್ಚಿಯಲ್ಲಿ ಕೂತಾಗ ಕಾಲು ತಾಸಿಗೊಮ್ಮೆ ಕೈಯೂರಿ ಪೃಷ್ಠವನ್ನು ಎತ್ತಿ ಹಿಡಿಯಬೇಕು. ದಿನಕ್ಕೆರಡು ಬಾರಿ ಬೆನ್ನು, ಪೃಷ್ಠ, ಹಿಮ್ಮಡಿಗಳನ್ನು ಬೆಳಕಿನಲ್ಲಿ ನೋಡಬೇಕು. ಅವನೇ ಕನ್ನಡಿ ಹಿಡಿದು ನೋಡಿಕೊಳ್ಳುವುದು ಕಲಿತರೆ ಇನ್ನೂ ಒಳ್ಳೆಯದು. ಬಿಸಿ ಗಂಜಿಯ ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಉಣ್ಣುವುದು ಬೇಡವೇ ಬೇಡ. ಸುಟ್ಟದ್ದು ತಿಳಿಯುವುದಿಲ್ಲ. ಮೂತ್ರಕ್ಕೆ ಕಾಯಂ ನಳಿಕೆ ಹಾಕಿದ್ದರೆ, ದಿನಕ್ಕೆ ನಾಲ್ಕರಿಂದ ಆರು ಸಲ ತಾನೇ ಶುಚಿಯಾದ ನಳಿಕೆ ಹಾಕಿ ಖಾಲಿ ಮಾಡಿಕೊಳ್ಳುವ ವಿಧಾನ ತನಗೆ ಆಗುತ್ತದೆಯೇ ಎಂದು ವೈದ್ಯರನ್ನು ಕೇಳಲಿ. ಕೈ ಸರಿಯಿರುವವರಿಗೆ ಇದು ಕಷ್ಟವಲ್ಲ, ಸೋಂಕೂ ಕಡಿಮೆ.

ನಿಲ್ಲುವ ಆಸೆಗೂ ದಾರಿಯಿದೆ. ಹುಣ್ಣು ಮಾಯ್ದು ಎಲುಬಿನ ಪರೀಕ್ಷೆ ಆದ ಮೇಲೆ, ಫಿಸಿಯೋಥೆರಪಿಸ್ಟ್ ಕೊಟ್ಟ ಅಳತೆಯಲ್ಲಿ ಊರಿನ ಬಡಗಿಯೇ ಮರದ ನಿಲುವು ಚೌಕಟ್ಟು ಮಾಡಬಲ್ಲ. ಪಟ್ಟಿ ಕಟ್ಟಿ ಮೊದಲು ಐದು ನಿಮಿಷ, ಆಮೇಲೆ ಹತ್ತು, ಹೀಗೆ ಏರಿಸಬೇಕು. ಮೊದಮೊದಲು ರಕ್ತದೊತ್ತಡ ಇಳಿದು ತಲೆ ಸುತ್ತುವುದುಂಟು. ಇದರೊಂದಿಗೆ ಕಾರವಾರದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ ಅಂಗವೈಕಲ್ಯದ ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳಿ. ಸರಕಾರದ ಸಾಧನ ಸಲಕರಣೆಗಳ ಯೋಜನೆಗಳಿಗೆ ಅದೇ ಕೀಲಿಕೈ. ಹಿತ್ತಿಲಿನ ಬೆಲೆಯ ಒಂದು ಸಣ್ಣ ಪಾಲಿನಲ್ಲಿ ಜಗಲಿಗೆ ಇಳಿಜಾರು, ಅಗಲವಾದ ಬಚ್ಚಲ ಬಾಗಿಲು, ಒಳ್ಳೆಯ ಕುಶನ್ ಇರುವ ಗಾಲಿಕುರ್ಚಿ ಆಗುತ್ತದೆ.

ತೆಂಗು ಅಡಿಕೆ ಇರುವ ಎಲ್ಲ ಮನೆಯವರಿಗೂ ಒಂದು ಮಾತು. ಮರದಿಂದ ಬಿದ್ದವರನ್ನು ಕೈಕಾಲು ಹಿಡಿದು ಜೋಲಿಯಂತೆ ಎತ್ತಿ ರಿಕ್ಷಾದಲ್ಲಿ ತುರುಕಬೇಡಿ. ಮುರಿದ ಮೂಳೆ ಬೆನ್ನುಹುರಿಯನ್ನು ಇನ್ನಷ್ಟು ಹಾಳುಮಾಡುವುದು ಆಗಲೇ. ಇದ್ದಲ್ಲೇ ಅಲ್ಲಾಡದಂತೆ ಮಲಗಿಸಿ 108ಕ್ಕೆ ಕರೆ ಮಾಡಿ. ಸಾಗಿಸಲೇಬೇಕಾದರೆ ನಾಲ್ಕು ಜನ ಸೇರಿ ತಲೆ, ಭುಜ, ಸೊಂಟ, ಕಾಲುಗಳನ್ನು ಒಂದೇ ಗೆರೆಯಲ್ಲಿ ಹಿಡಿದು, ಮರದ ದಿಮ್ಮಿ ಉರುಳಿಸಿದಂತೆ ಹೊರಳಿಸಿ, ಹಲಗೆಯ ಮೇಲೆ ತೆಗೆದುಕೊಳ್ಳಿ.

ಪತ್ರದ ಕೊನೆಯಲ್ಲಿ ತಾಯಿಯ ಪ್ರಶ್ನೆಯೊಂದನ್ನು ಸೇರಿಸಿದ್ದಾರೆ: ಸ್ನಾನ ಮಾಡಿಸುವಾಗ ಅವನ ಕಾಲು ತಾನಾಗಿ ನಡುಗಿ ಮೇಲೇಳುತ್ತದೆ, ಶಕ್ತಿ ಬರುತ್ತಿದೆಯೇ? ಇಲ್ಲ ತಾಯಿ. ಅದು ಸೆಡೆತ. ಮಿದುಳಿನ ಹಿಡಿತ ತಪ್ಪಿದ ಬೆನ್ನುಹುರಿ ತಾನೇ ಕೊಡುವ ಪ್ರತಿಕ್ರಿಯೆ; ಅವನು ಬೇಕೆಂದಾಗ ಆ ಕಾಲು ಏಳುವುದಿಲ್ಲ ಎಂಬುದನ್ನು ನೀವೇ ನೋಡಿರುತ್ತೀರಿ. ಪ್ರತಿದಿನ ಕಾಲನ್ನು ನಿಧಾನವಾಗಿ ಮಡಚಿ ಬಿಡಿಸಿ, ಕೀಲು ಸಡಿಲವಾಗಿರುತ್ತದೆ. ಈ ನಡುಕ ಒಮ್ಮೆಲೇ ಜೋರಾದರೆ ಮಾತ್ರ ಕಾರಣ ಹುಡುಕಿ: ಮೂತ್ರದ ಸೋಂಕು, ಮಲಬದ್ಧತೆ, ಒಳಗೆ ಬೆಳೆದ ಕಾಲುಗುರು, ಇಲ್ಲವೇ ನೀವು ಬರೆದ ಆ ಹುಣ್ಣು. ಹುಣ್ಣನ್ನಂತೂ ಈ ವಾರವೇ ಶಸ್ತ್ರವೈದ್ಯರಿಗೆ ತೋರಿಸಿ.